ಶೀತ ಇಟ್ಟುಕೊಂಡು ಆಕಾಶದಿಂದ ಇಳಿಯಬಹುದಾ? ಮೂಗು ಹೇಳುವ 240 ವರ್ಷಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಉಡುಪಿಯಿಂದ ನಾನು ಮಾತಾಡ್ತಾ ಇದ್ದೇನೆ. ಕಾಪುವಿನಿಂದ ಬಸ್ ಹತ್ತಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರಿಗೆ, ಮಣಿಪಾಲದ ಹಾಸ್ಟೆಲ್‌ನಲ್ಲಿ ಬಟ್ಟೆ ಮಡಚುತ್ತಾ ಕೇಳುವವರಿಗೆ, ಎಲ್ಲರಿಗೂ ಸ್ವಾಗತ.

ಇತಿಹಾಸ ಅಂದ್ರೆ ನಾವು ಸಾಮಾನ್ಯವಾಗಿ ರಾಜ, ಯುದ್ಧ, ಕೋಟೆ ಅಂತ ಶುರು ಮಾಡ್ತೇವೆ. ಇವತ್ತು ಮೂಗಿನಿಂದ ಶುರು ಮಾಡುವ. ಪ್ರಶ್ನೆ ಬಹಳ ಸಣ್ಣದು: ಆಕಾಶದಿಂದ ಧುಮುಕುವವನಿಗೆ ಶೀತ ಆಗಿದ್ರೆ ಏನಾಗ್ತದೆ? ಇದಕ್ಕೆ ಉತ್ತರ ಹುಡುಕಿಕೊಂಡು ಹೋದರೆ 1783ರ ಪ್ಯಾರಿಸ್ ಸಿಗ್ತದೆ, ಎರಡನೇ ಮಹಾಯುದ್ಧ ಸಿಗ್ತದೆ, 1957ರ ಬೆಂಗಳೂರು ಸಿಗ್ತದೆ, 1968ರಲ್ಲಿ ಭೂಮಿಯ ಸುತ್ತ ತಿರುಗುತ್ತಾ ಮೂಗು ಸೀನುತ್ತಿದ್ದ ಮೂವರು ಸಿಗ್ತಾರೆ. ಕೊನೆಗೆ ನಮ್ಮದೇ ಬಜ್ಪೆ ವಿಮಾನ ನಿಲ್ದಾಣಕ್ಕೆ ಬಂದು ಇಳಿಯುವ.

ಮೊದಲು ಆಗುಂಬೆಗೆ ಹೋಗುವ

ಕಾರ್ಕಳದಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿದವರಿಗೆ ಗೊತ್ತುಂಟು. 14 ತಿರುವು ಮುಗಿಯುವುದರೊಳಗೆ ಕಿವಿ ಒಮ್ಮೆಯಾದರೂ ಗುಂಯ್ ಅಂತದೆ. ಎಂಜಲು ನುಂಗಿದರೆ ಟಪ್ ಅಂತ ಸರಿಯಾಗ್ತದೆ.

ಒಂದು ಪ್ರಯೋಗ ಮಾಡಿ ನೋಡಿ. ಮೇಲೆ ಆಗುಂಬೆಯಲ್ಲಿ ನೀರು ಕುಡಿದು ಖಾಲಿಯಾದ ತೆಳು ಪ್ಲಾಸ್ಟಿಕ್ ಬಾಟಲಿಗೆ ಮುಚ್ಚಳ ಗಟ್ಟಿಯಾಗಿ ಹಾಕಿ. ಕೆಳಗೆ ಸೋಮೇಶ್ವರಕ್ಕೆ ಬಂದು ನೋಡಿದರೆ ಬಾಟಲಿಯ ಹೊಟ್ಟೆ ಸ್ವಲ್ಪ ಒಳಗೆ ಹೋಗಿರ್ತದೆ. ಯಾರೂ ಒತ್ತಿದ್ದಲ್ಲ. ಕೆಳಗೆ ಬಂದಷ್ಟೂ ಹೊರಗಿನ ಗಾಳಿಯ ಒತ್ತಡ ಜಾಸ್ತಿಯಾಗ್ತದೆ, ಒಳಗೆ ಸಿಕ್ಕಿಕೊಂಡ ಗಾಳಿ ಕುಗ್ಗುತ್ತದೆ. 1662ರಲ್ಲಿ ರಾಬರ್ಟ್ ಬಾಯ್ಲ್ ಬರೆದಿಟ್ಟ ನಿಯಮ ಇದೇ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೀರಲ್ಲ, ಅದು.

ಈಗ ವಿಷಯಕ್ಕೆ ಬರ್ತೇನೆ. ಅಂಥ ಬಾಟಲಿಗಳು ನಮ್ಮ ತಲೆಬುರುಡೆಯ ಒಳಗೂ ಉಂಟು. ಹಣೆಯ ಹಿಂದೆ, ಕೆನ್ನೆಯ ಒಳಗೆ, ಕಣ್ಣುಗಳ ನಡುವೆ, ಇನ್ನೂ ಹಿಂದಕ್ಕೆ ಮೂಗಿನ ಆಳದಲ್ಲಿ, ಹೀಗೆ ನಾಲ್ಕು ಜೋಡಿ ಟೊಳ್ಳು ಕೋಣೆಗಳು. ಇವೇ ಸೈನಸ್. ಪ್ರತಿ ಕೋಣೆಯೂ ಒಂದು ಕಿರಿದಾದ ದಾರಿಯಿಂದ ಮೂಗಿಗೆ ತೆರೆದುಕೊಳ್ತದೆ. ದಾರಿ ತೆರೆದಿದ್ದರೆ ಗಾಳಿ ಹೋಗಿ ಬಂದು ಮಾಡ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಶೀತ ಆದಾಗ ಆ ದಾರಿಯ ಒಳಚರ್ಮ ಊದಿಕೊಳ್ತದೆ. ಅಂದ್ರೆ ಬಾಟಲಿಗೆ ಮುಚ್ಚಳ ಬಿತ್ತು. ಆದರೆ ಮೂಳೆಯ ಬಾಟಲಿ ಒಳಗೆ ಹೋಗುವ ಹಾಗಿಲ್ಲವಲ್ಲ! ಹಾಗಾಗಿ ಒಳಗಿನ ಮೆತ್ತನೆಯ ಪೊರೆಯನ್ನು ಆ ನಿರ್ವಾತ ಎಳೆಯುತ್ತದೆ. ಪೊರೆ ಊದುತ್ತದೆ, ನೀರು ಒಸರುತ್ತದೆ, ಕೆಲವೊಮ್ಮೆ ರಕ್ತವೂ ಬರ್ತದೆ. ನೋವು ಹೇಗಿರ್ತದೆ ಅಂದ್ರೆ ಹಣೆಗೆ ಮೊಳೆ ಹೊಡೆದ ಹಾಗೆ.

ಈ ಕೋಣೆಗಳು ಇವೆ ಅಂತ ಮನುಷ್ಯನಿಗೆ ಸರಿಯಾಗಿ ಗೊತ್ತಾದದ್ದೇ ತಡವಾಗಿ. ಲಿಯೊನಾರ್ಡೊ ಡಾ ವಿಂಚಿ 1489ರ ಸುಮಾರಿಗೆ ತಲೆಬುರುಡೆ ಕತ್ತರಿಸಿ ಇವನ್ನು ಚಿತ್ರಿಸಿದ್ದ, ಆದರೆ ಆ ಹಾಳೆಗಳು ಲೋಕಕ್ಕೆ ಕಾಣಿಸಲಿಲ್ಲ. 1651ರಲ್ಲಿ ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ ಕೆನ್ನೆಯ ಸೈನಸ್ ಬಗ್ಗೆ ವಿವರವಾಗಿ ಬರೆದ. ಅವನ ಹತ್ತಿರ ಬಂದ ಒಬ್ಬ ಹೆಂಗಸು ಮೇಲಿನ ಹಲ್ಲು ಕೀಳಿಸಿಕೊಂಡಿದ್ದಳಂತೆ. ಹಲ್ಲು ಹೋದ ತೂತಿನೊಳಗೆ ಹಕ್ಕಿಯ ಗರಿ ತೂರಿಸಿ ನೋಡಿದಳು. ಗರಿ ಹೋಗ್ತಾನೇ ಇದೆ! ಮಿದುಳಿಗೇ ತಲುಪಿತು ಅಂತ ಗಾಬರಿಯಾಗಿ ಓಡಿ ಬಂದಳು. ಮಿದುಳಲ್ಲ ತಾಯಿ, ಇದು ಖಾಲಿ ಕೋಣೆ ಅಂತ ಅವನು ಸಮಾಧಾನ ಮಾಡಬೇಕಾಯ್ತು. ಶೀತ ಜೋರಾದಾಗ ಮೇಲಿನ ಹಲ್ಲುಗಳು ಯಾಕೆ ನೋಯುತ್ತವೆ ಅಂತ ಈಗ ಗೊತ್ತಾಯ್ತಲ್ಲ. ಹಲ್ಲಿನ ಬೇರು ಆ ಕೋಣೆಯ ನೆಲದಲ್ಲೇ ಉಂಟು.

ಚಾರ್ಲ್ಸ್ ಮತ್ತೆ ಹಾರಲೇ ಇಲ್ಲ

ಘಾಟಿ ಹತ್ತುವುದು ನಿಧಾನದ ಕೆಲಸ. ಮನುಷ್ಯ ವೇಗವಾಗಿ ಮೇಲೆ ಹೋದದ್ದು ಬಲೂನ್ ಬಂದ ಮೇಲೆ.

1783ರ ಡಿಸೆಂಬರ್ 1, ಪ್ಯಾರಿಸ್. ಜಾಕ್ ಚಾರ್ಲ್ಸ್ ಎಂಬ ವಿಜ್ಞಾನಿ ಜಲಜನಕ ತುಂಬಿದ ಬಲೂನಿನಲ್ಲಿ ಜೊತೆಗಾರನೊಂದಿಗೆ ಹೊರಟ. ಅನಿಲಕ್ಕೂ ಉಷ್ಣತೆಗೂ ಸಂಬಂಧ ಹೇಳುವ ಚಾರ್ಲ್ಸ್ ನಿಯಮ ಓದಿದ್ದೀರಲ್ಲ, ಅದೇ ಚಾರ್ಲ್ಸ್. ಸುಮಾರು ಎರಡು ಗಂಟೆ ಹಾರಿ ಸಂಜೆಗೆ ಇಳಿದರು. ಜೊತೆಗಾರ ಇಳಿದ, ಚಾರ್ಲ್ಸ್ ಒಬ್ಬನೇ ಮತ್ತೆ ಹೊರಟ. ಒಬ್ಬನ ಭಾರ ಕಡಿಮೆಯಾದದ್ದೇ ಬಲೂನ್ ಬಾಣದ ಹಾಗೆ ಮೇಲೆ ಹೋಯ್ತು, ಸುಮಾರು 3,000 ಮೀಟರ್. ನೆಲದಲ್ಲಿ ಮುಳುಗಿದ್ದ ಸೂರ್ಯ ಮೇಲೆ ಹೋದಾಗ ಮತ್ತೆ ಕಾಣಿಸಿದ. ಒಂದೇ ದಿನ ಎರಡು ಸೂರ್ಯಾಸ್ತ ನೋಡಿದ ಮನುಷ್ಯ ಅವನು.

ಆದರೆ ಆ ಸುಖದ ನಡುವೆಯೇ ಬಲಗಿವಿಯಲ್ಲೂ ದವಡೆಯ ಹತ್ತಿರವೂ ಅಸಾಧ್ಯ ನೋವು. ಒಳಗಿನ ಗಾಳಿ ಹಿಗ್ಗಿದ್ದರಿಂದ ಹೀಗಾಯ್ತು ಅಂತ ಅವನೇ ಊಹಿಸಿದ. ಅನಿಲ ಬಿಟ್ಟು ಕೆಳಗಿಳಿದ. ಆಮೇಲೆ 1823ರಲ್ಲಿ ಸಾಯುವವರೆಗೆ ಅವನು ಮತ್ತೆ ಬಲೂನ್ ಹತ್ತಲಿಲ್ಲ. ಗಾಳಿಯ ಒತ್ತಡ ಮನುಷ್ಯನ ತಲೆಯೊಳಗೆ ಕೊಟ್ಟ ನೋವಿನ ಮೊದಲ ದಾಖಲೆಗಳಲ್ಲಿ ಇದೊಂದು. ಅನಿಲಗಳನ್ನೇ ಅಧ್ಯಯನ ಮಾಡಿದವನಿಗೆ ಅನಿಲವೇ ಪಾಠ ಕಲಿಸಿತು, ನೋಡಿ.

ಏರುವಾಗ ನೋವಾಗುವುದು ಉಂಟು. ಹಿಗ್ಗುವ ಗಾಳಿಗೆ ಹೊರಗೆ ಬರಲಿಕ್ಕೆ ದಾರಿ ಸಿಗದಿದ್ದರೆ ಹಾಗಾಗ್ತದೆ. ಆದರೆ ಹಿಗ್ಗುವ ಗಾಳಿ ಹೇಗೋ ತಳ್ಳಿಕೊಂಡು ಹೊರಗೆ ಬರ್ತದೆ. ಕಷ್ಟ ಹೆಚ್ಚು ಇಳಿಯುವಾಗ. ಊದಿದ ಬಾಗಿಲನ್ನು ಒಳಕ್ಕೆ ನೂಕಿ ಗಾಳಿ ಕೋಣೆ ಸೇರಬೇಕಲ್ಲ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಮೊದಲು ಹಾರಿದವರು ವೈದ್ಯರು

ಬಲೂನಿನ ಹಿಂದೆಯೇ ಪ್ಯಾರಾಶೂಟ್ ಬಂತು. 1797ರ ಅಕ್ಟೋಬರ್ 22ರಂದು ಪ್ಯಾರಿಸ್‌ನಲ್ಲಿ ಆಂದ್ರೆ ಗಾರ್ನೆರಿನ್ ಬಲೂನಿನಿಂದ ಪ್ಯಾರಾಶೂಟಿನಲ್ಲಿ ಇಳಿದ. ನಮ್ಮ ದೇಶದಲ್ಲಿ 1889ರಲ್ಲಿ ಪರ್ಸಿವಲ್ ಸ್ಪೆನ್ಸರ್ ಎಂಬ ಇಂಗ್ಲಿಷಿನವ ಊರೂರಲ್ಲಿ ಟಿಕೆಟ್ ಇಟ್ಟು ಬಲೂನಿನ ಆಟ ತೋರಿಸಿದ. ಅದನ್ನು ನೋಡಿ ಕಲಿತ ಕಲ್ಕತ್ತಾದ ರಾಮಚಂದ್ರ ಚಟರ್ಜಿ ತಾನೇ ಬಲೂನ್ ಏರಿದರು, ಪ್ಯಾರಾಶೂಟಿನಲ್ಲೂ ಇಳಿದರು.

ಸೈನ್ಯದ ಕಥೆ ಇನ್ನೂ ಚಂದ ಉಂಟು. 1941ರಲ್ಲಿ ಬ್ರಿಟಿಷ್ ಭಾರತದ ಸೈನ್ಯ 50ನೇ ಪ್ಯಾರಾಶೂಟ್ ಬ್ರಿಗೇಡ್ ಕಟ್ಟಿತು. ಪ್ಯಾರಾಶೂಟಿನಲ್ಲಿ ಹಾರಿದ ಮೊದಲ ಭಾರತೀಯ ಸೈನಿಕರಲ್ಲಿ ಒಬ್ಬರು ಲೆಫ್ಟಿನೆಂಟ್ ಎ.ಜಿ. ರಂಗರಾಜ್. ಅವರು ಬೆಟಾಲಿಯನ್‌ನ ವೈದ್ಯಾಧಿಕಾರಿ. 1951ರಲ್ಲಿ ಕೊರಿಯಾ ಯುದ್ಧದಲ್ಲಿ ಇದೇ ರಂಗರಾಜ್ ಅವರ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್‌ನ ತಂಡವೊಂದು ಅಮೆರಿಕದ ಸೈನಿಕರ ಜೊತೆ ಧುಮುಕಿ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟಿತು. ಅವರಿಗೆ ಮಹಾವೀರ ಚಕ್ರ ಬಂತು. ಇನ್ನು 1959ರಲ್ಲಿ ಪ್ಯಾರಾಶೂಟ್ ಕಟ್ಟಿ ಹಾರಿದ ನಮ್ಮ ಸೇನೆಯ ಮೊದಲ ಮಹಿಳೆ ಫ್ಲೈಟ್ ಲೆಫ್ಟಿನೆಂಟ್ ಗೀತಾ ಚಂದ. ಅವರೂ ವೈದ್ಯೆಯೇ!

ಈ ಹಾರಾಟಗಳಲ್ಲಿ ಮೂಗಿನ ಸುದ್ದಿ ಯಾಕೆ ಬರುವುದಿಲ್ಲ ಅಂತ ನೀವು ಕೇಳಬಹುದು. ಕಾರಣ ಸರಳ. ಸೈನಿಕರು ಯುದ್ಧಕ್ಕೆ ಹಾರುವುದು ಬಹಳ ಕೆಳಗಿನಿಂದ, ಸುಮಾರು 1,200 ಅಡಿ. ಕಾಪುವಿನ ಲೈಟ್‌ಹೌಸ್ ಅಥವಾ ಕಾರ್ಕಳದ ಗೊಮ್ಮಟ ಬೆಟ್ಟಕ್ಕಿಂತ ಎತ್ತರ ನಿಜ, ಆದರೆ ಆಗುಂಬೆ ಘಾಟಿಗಿಂತ ತಗ್ಗು. ಅಷ್ಟರಲ್ಲಿ ಗಾಳಿಯ ಒತ್ತಡ ಬದಲಾಗುವುದು ನೂರಕ್ಕೆ ನಾಲ್ಕೈದು ಪಾಲು ಮಾತ್ರ. ಅವರ ಭಯ ಕಾಲಿನ ಮೂಳೆಯದ್ದು, ಮೂಗಿನದ್ದಲ್ಲ. ಮೂಗಿನ ಸರದಿ ಬಂದದ್ದು ಎತ್ತರದಿಂದ ರಭಸವಾಗಿ ಇಳಿಯುವವರಿಗೆ.

ಬಾಂಬರ್ ವಿಮಾನ ಮತ್ತು ಶೀತ

ಎರಡನೇ ಮಹಾಯುದ್ಧದ ಡೈವ್ ಬಾಂಬರ್‌ಗಳನ್ನು ಸಿನಿಮಾದಲ್ಲಿ ನೋಡಿರಬಹುದು. ಆಕಾಶದಿಂದ ಗಿಡುಗನ ಹಾಗೆ ನೇರ ಕೆಳಗೆ ಎರಗುವ ವಿಮಾನಗಳು. ಒಳಗೆ ಕೂತ ಪೈಲಟ್‌ಗೆ ಕೆಲವೇ ಸೆಕೆಂಡಿನಲ್ಲಿ ಸಾವಿರಾರು ಅಡಿ ಇಳಿದ ಅನುಭವ. ಶೀತ ಆಗಿದ್ದವರಿಗೆ ಹಣೆ ಒಡೆದ ಹಾಗೆ ನೋವು, ಕಣ್ಣಲ್ಲಿ ನೀರು. ಆ ಹೊತ್ತಿಗೆ ಕೈಯಲ್ಲಿ ವಿಮಾನ ಉಂಟು, ಎದುರಿಗೆ ಶತ್ರು ಉಂಟು.

ಅಮೆರಿಕದ ಸೈನ್ಯದ ವೈದ್ಯ ಹ್ಯಾರಿ ಆರ್ಮ್‌ಸ್ಟ್ರಾಂಗ್ 1937ರಲ್ಲಿ ವಿಮಾನದ ಏರಿಳಿತ ಮಧ್ಯಕಿವಿಗೆ ಏನು ಮಾಡ್ತದೆ ಅಂತ ತನ್ನ ಸಹೋದ್ಯೋಗಿಯ ಜೊತೆ ಪ್ರಬಂಧ ಬರೆದ. ಅವನು ಕೂಡ ಬರೀ ಮೇಜಿನ ಮುಂದೆ ಕೂತು ಬರೆದವನಲ್ಲ. ಸ್ವತಃ ಪ್ಯಾರಾಶೂಟ್ ಕಟ್ಟಿ ಹಾರಿ, ಬೀಳುವಾಗ ಏನೇನು ಅನ್ನಿಸಿತು ಅಂತ ದಾಖಲಿಸಿದ್ದ. 1940ರ ದಶಕದಲ್ಲಿ ಪಾಲ್ ಕ್ಯಾಂಪ್‌ಬೆಲ್ ಎಂಬ ವೈದ್ಯ ಹಾರುವವರ ಸೈನಸ್ ತೊಂದರೆಗೆ ಏರೋಸೈನುಸೈಟಿಸ್ ಅಂತ ಹೆಸರಿಟ್ಟ. ಇವತ್ತು ವೈದ್ಯರು ಸೈನಸ್ ಬ್ಯಾರೋಟ್ರಾಮಾ ಅಂತಾರೆ. ಬ್ಯಾರೋ ಅಂದ್ರೆ ಒತ್ತಡ, ಟ್ರಾಮಾ ಅಂದ್ರೆ ಗಾಯ.

ಪರಿಹಾರ ಏನು? ಮೂಗು ಹಿಡಿದು, ಬಾಯಿ ಮುಚ್ಚಿ, ಒಳಗಿಂದ ಊದುವ ಉಪಾಯ ನಿಮಗೆಲ್ಲ ಗೊತ್ತುಂಟು. ಅದು ಇಟಲಿಯ ಬೊಲೊನ್ಯಾದ ಆಂಟೋನಿಯೊ ವಾಲ್ಸಾಲ್ವಾ 1704ರ ಪುಸ್ತಕದಲ್ಲಿ ಬರೆದದ್ದು. ಅವನ ಉದ್ದೇಶ ಕಿವಿಯ ಕೀವು ಹೊರಗೆ ಹಾಕುವುದು, ವಿಮಾನ ಅವನ ಕನಸಲ್ಲೂ ಇರಲಿಲ್ಲ. 19ನೇ ಶತಮಾನದಲ್ಲಿ ಲಂಡನ್‌ನ ಜೋಸೆಫ್ ಟಾಯ್ನ್‌ಬೀ ಇನ್ನೊಂದು ದಾರಿ ಹೇಳಿದ: ಮೂಗು ಹಿಡಿದು ನುಂಗುವುದು. ನುಂಗುವಾಗ ಕಿವಿಯ ನಾಳ ತೆರೆದುಕೊಳ್ತದೆ ಅಂತ ತೋರಿಸಿದವನು ಅವನೇ. ಪಾಪ, ಕಿವಿಯ ಗುಂಯ್‌ಗುಡುವಿಕೆಗೆ ಔಷಧ ಹುಡುಕಲು ತನ್ನ ಮೇಲೆಯೇ ಕ್ಲೋರೋಫಾರ್ಮ್ ಆವಿಯ ಪ್ರಯೋಗ ಮಾಡಿಕೊಂಡು 1866ರಲ್ಲಿ ತೀರಿಹೋದ. 1938ರಲ್ಲಿ ಜರ್ಮನಿಯ ಹರ್ಮನ್ ಫ್ರೆಂಜಲ್ ನಾಲಿಗೆಯ ಹಿಂಭಾಗ ಬಳಸಿ ಒತ್ತಡ ಸರಿಮಾಡುವ ವಿಧಾನ ಕಂಡುಕೊಂಡ. ಡೈವ್ ಬಾಂಬರ್ ಪೈಲಟ್‌ಗಳು ಅದನ್ನು ಕಲಿತರು.

ಇಲ್ಲಿ ಒಂದು ಮುಖ್ಯ ವಿಷಯ ಮಾರಾಯ್ರೆ, ಸ್ವಲ್ಪ ಗಮನ ಕೊಡಿ. ಕಿವಿಯ ನಾಳಕ್ಕೆ ಬಾಗಿಲು ತೆಗೆಯುವ ಸ್ನಾಯು ಉಂಟು. ನುಂಗಿದರೆ, ಆಕಳಿಸಿದರೆ ಅದು ತೆರೆಯುತ್ತದೆ. ಸೈನಸ್‌ನ ಬಾಗಿಲಿಗೆ ಅಂಥ ಸ್ನಾಯು ಇಲ್ಲ. ನೀವು ಎಷ್ಟು ಆಕಳಿಸಿದರೂ, ಎಷ್ಟು ಧೈರ್ಯವಂತರಾದರೂ, ಊದಿದ ಸೈನಸ್ ನಿಮ್ಮ ಮಾತು ಕೇಳುವುದಿಲ್ಲ.

ಬೆಂಗಳೂರಿನ ಕಬ್ಬಿಣದ ಕೋಣೆ

ಯುದ್ಧ ಮುಗಿದ ಮೇಲೆ ಈ ವಿದ್ಯೆಗೆ ನಮ್ಮ ರಾಜ್ಯದಲ್ಲೇ ಒಂದು ಮನೆ ಸಿಕ್ಕಿತು. ಬೆಂಗಳೂರಿನಲ್ಲಿ 1940ರಿಂದಲೇ ಎಚ್‌ಎಎಲ್ ಇತ್ತು. ವಿಮಾನ ಕಟ್ಟುವ, ಪರೀಕ್ಷೆ ಮಾಡುವ ಊರು ಅದು. 1957ರಲ್ಲಿ ವಾಯುಪಡೆ ಅಲ್ಲಿ ಹಾರುವವರ ದೇಹವನ್ನು ಅಧ್ಯಯನ ಮಾಡುವ ಶಾಲೆ ತೆರೆಯಿತು. ಅದೇ ಇವತ್ತಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. ಬಾಹ್ಯಾಕಾಶಕ್ಕೆ ಹೋಗುವ ಮೊದಲು ರಾಕೇಶ್ ಶರ್ಮಾ ಅವರ ವೈದ್ಯಕೀಯ ಪರೀಕ್ಷೆ ನಡೆದದ್ದು ಇಲ್ಲಿ. ಗಗನಯಾನದ ಗಗನಯಾತ್ರಿಗಳ ಆಯ್ಕೆಯೂ ಇಲ್ಲೇ ನಡೆಯಿತು.

ಇಂಥ ಸಂಸ್ಥೆಗಳಲ್ಲಿ ಒಂದು ಕಬ್ಬಿಣದ ಕೋಣೆ ಇರ್ತದೆ. ಒಳಗೆ ಕೂರಿಸಿ ಬಾಗಿಲು ಹಾಕಿ, ಪಂಪಿನಿಂದ ಗಾಳಿ ತೆಗೆಯುತ್ತಾರೆ. ನೀವು ನೆಲದ ಮೇಲೆಯೇ ಇದ್ದೀರಿ, ಆದರೆ ದೇಹಕ್ಕೆ ಸಾವಿರಾರು ಅಡಿ ಮೇಲೆ ಹೋದ ಹಾಗೆ. ಆಮೇಲೆ ಗಾಳಿ ಬಿಡುತ್ತಾ ಇಳಿಸುತ್ತಾರೆ. ಮೂಗು, ಕಿವಿ ಸರಿ ಇವೆಯಾ ಅಂತ ಮೊದಲು ಕಡಿಮೆ ಎತ್ತರದಲ್ಲಿ ಪರೀಕ್ಷೆ. ನೋವಾದರೆ ಕೈ ಎತ್ತಬೇಕು. ಆಗ ಇಳಿಸುವುದು ನಿಲ್ಲಿಸಿ, ಸ್ವಲ್ಪ ಮೇಲಕ್ಕೆ ತಗೊಂಡು ಹೋಗಿ, ನಿಧಾನಕ್ಕೆ ಇಳಿಸುತ್ತಾರೆ.

ಕೈ ಎತ್ತುವುದು ಸುಲಭ ಅಂತ ನಿಮಗೆ ಅನ್ನಿಸಬಹುದು. ಹಾರುವವರ ಲೋಕದಲ್ಲಿ ಅದೇ ಕಷ್ಟ. ಶೀತ ಅಂತ ಹೇಳಿದರೆ ಇವತ್ತು ಹಾರಾಟ ಇಲ್ಲ. ಪದೇಪದೇ ಹೇಳಿದರೆ ಕೆಲಸಕ್ಕೇ ಕುತ್ತು ಬರಬಹುದು ಎಂಬ ಭಯ. ಹಾಗಾಗಿ ಎಷ್ಟೋ ಜನ ಹೇಳುವುದಿಲ್ಲ. ಹಾರಾಟದ ವೈದ್ಯರು ಎಲ್ಲ ದೇಶದಲ್ಲೂ ಹೇಳುವ ದೂರು ಇದೊಂದೇ: ರೋಗಿ ನಮ್ಮ ಹತ್ತಿರ ಬರುವುದು ತಡವಾಗಿ. ಈ ಮುಚ್ಚಿಡುವಿಕೆಯ ಕಥೆಗೆ ಎದುರಾಗಿ ಇನ್ನೊಂದು ಕಥೆ ಉಂಟು. ಇಡೀ ಲೋಕ ಕೇಳುವ ಹಾಗೆ ರೇಡಿಯೋದಲ್ಲಿ ಮೂಗಿನ ಬಗ್ಗೆ ಜಗಳ ಮಾಡಿದವರ ಕಥೆ.

ಹೆಲ್ಮೆಟ್ ಹಾಕುವುದಿಲ್ಲ ಅಂದ ಕಮಾಂಡರ್

1968ರ ಅಕ್ಟೋಬರ್ 11. ಅಪೊಲೊ 7 ಎಂಬ ನೌಕೆ ಮೂವರನ್ನು ಹೊತ್ತು ಭೂಮಿಯ ಸುತ್ತ ತಿರುಗಲು ಹೊರಟಿತು. ವಾಲಿ ಶಿರ್ರಾ ಕಮಾಂಡರ್, ಜೊತೆಗೆ ಡಾನ್ ಐಸೆಲ್ ಮತ್ತು ವಾಲ್ಟ್ ಕನ್ನಿಂಗ್‌ಹ್ಯಾಮ್. ಹೊರಟು ಒಂದು ದಿನ ಕಳೆಯುವ ಮೊದಲೇ ಶಿರ್ರಾಗೆ ಶೀತ ಹಿಡಿಯಿತು.

ನೆಲದ ಮೇಲೆ ಶೀತ ಆದರೆ ಮೂಗು ಸೋರುತ್ತದೆ, ಒರೆಸಿಕೊಳ್ತೇವೆ. ಅಲ್ಲಿ ಭಾರವೇ ಇಲ್ಲ. ಸಿಂಬಳ ಕೆಳಗೆ ಇಳಿಯುವುದಿಲ್ಲ, ಅಲ್ಲೇ ಕಟ್ಟಿಕೊಳ್ತದೆ. ಜೋರಾಗಿ ಸೀಂಟಿದರೆ ಕಿವಿಗೆ ನೋವು. ಹನ್ನೊಂದು ದಿನದ ಪ್ರಯಾಣ. ಮಾತ್ರೆ ನುಂಗಿದರು, ರೇಗಿದರು, ನೆಲದವರ ಜೊತೆ ಜಗಳ ಆಡಿದರು.

ದೊಡ್ಡ ಜಗಳ ಆದದ್ದು ಇಳಿಯುವ ಮೊದಲು. ನೌಕೆಯ ಒಳಗಿನ ಒತ್ತಡ ನೆಲದ ಒತ್ತಡದ ಮೂರನೇ ಒಂದು ಪಾಲು ಮಾತ್ರ ಇತ್ತು. ಇಳಿಯುವಾಗ ಅದು ಮೂರು ಪಟ್ಟಾಗ್ತದೆ. ಕಟ್ಟಿದ ಮೂಗಿಗೆ ಇದು ಎಂಥ ಪೆಟ್ಟು ಅಂತ ಈಗ ನಿಮಗೆ ಅರ್ಥ ಆಗ್ತದೆ. ನಿಯಮದ ಪ್ರಕಾರ ಇಳಿಯುವಾಗ ಹೆಲ್ಮೆಟ್ ಹಾಕಬೇಕು. ಆದರೆ ಹೆಲ್ಮೆಟ್ ಹಾಕಿದರೆ ಮೂಗು ಹಿಡಿದು ಊದಲಿಕ್ಕೆ ಕೈ ಹೋಗುವುದಿಲ್ಲ. ಹಾಕುವುದಿಲ್ಲ ಅಂದ ಶಿರ್ರಾ. ಕೆಳಗಿನಿಂದ ಅವನ ಮೇಲಧಿಕಾರಿ ಡೀಕ್ ಸ್ಲೇಟನ್ ಹೇಳಿ ನೋಡಿದ. ಕೇಳಲಿಲ್ಲ. ಅಕ್ಟೋಬರ್ 22ರಂದು ಮೂವರೂ ಹೆಲ್ಮೆಟ್ ಇಲ್ಲದೆಯೇ ಇಳಿದರು. ಕಿವಿ, ಮೂಗಿಗೆ ದೊಡ್ಡ ಹಾನಿ ಆಗಲಿಲ್ಲ. ಆದರೆ ಮೂವರಲ್ಲಿ ಯಾರೂ ಮತ್ತೆ ಬಾಹ್ಯಾಕಾಶಕ್ಕೆ ಹೋಗಲಿಲ್ಲ. ಶಿರ್ರಾ ಮುಂದೆ ಶೀತದ ಮಾತ್ರೆಯ ಜಾಹೀರಾತಿನಲ್ಲಿ ಕಾಣಿಸಿಕೊಂಡ, ನೌಕೆಯಲ್ಲಿ ಅವನು ನುಂಗಿದ್ದ ಅದೇ ಮಾತ್ರೆ!

1969ರಲ್ಲಿ ಅಪೊಲೊ 9ರ ಮೂವರಿಗೂ ಶೀತ ಆಯ್ತು. ಈ ಸಲ ನಾಸಾ ಹಠ ಮಾಡಲಿಲ್ಲ, ಉಡಾವಣೆಯನ್ನೇ ಮೂರು ದಿನ ಮುಂದೂಡಿತು. ಅಷ್ಟು ದೊಡ್ಡ ರಾಕೆಟ್, ಅಷ್ಟು ಜನ, ಅಷ್ಟು ದುಡ್ಡು, ಎಲ್ಲವೂ ಮೂರು ಮೂಗುಗಳಿಗಾಗಿ ಕಾದವು. ಮುಂದೆ ಅಪೊಲೊ 14ರಿಂದ ಗಗನಯಾತ್ರಿಗಳನ್ನು ಉಡಾವಣೆಗೆ ಮೊದಲು ಜನರಿಂದ ದೂರ ಇಡುವ ಕಟ್ಟುನಿಟ್ಟು ಬಂತು. ನನಗೆ ಈ ಕಥೆಯಲ್ಲಿ ಹೆಚ್ಚು ಹಿಡಿಸುವುದು ಶಿರ್ರಾನ ಜಗಳ ಅಲ್ಲ, ಆ ಮೂರು ದಿನದ ಕಾಯುವಿಕೆ.

ಕಾರ್ಕಳದ ಪ್ರಶ್ನೆ

ಈಗ ನಮ್ಮ ಕಾಲಕ್ಕೆ ಬರುವ. ಉಡುಪಿ ಕಡೆ ಆಕಾಶದ ಆಟ ಅಂದ್ರೆ ಮಲ್ಪೆಯ ಪ್ಯಾರಾಸೈಲಿಂಗ್. ಅದರ ಎತ್ತರಕ್ಕೆ ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಸ್ಕೈಡೈವಿಂಗ್ ಬೇಕಾದರೆ ನಮ್ಮ ರಾಜ್ಯದಲ್ಲಿ ಮೈಸೂರಿನ ಹೆಸರು ಬರ್ತದೆ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಶಿಬಿರಗಳು ನಡೆದಿವೆ. ಕಾರ್ಕಳದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದರು: "ಅಣ್ಣ, ಹಾರಲಿಕ್ಕೆ ದುಡ್ಡು ಕಟ್ಟಿ ಆಯ್ತು. ನನಗೆ ಸೈನಸ್ ಉಂಟು, ಈಗ ಶೀತವೂ ಉಂಟು. ಮಾತ್ರೆ ತಗೊಂಡು ಹಾರಿದ್ರೆ ಆಗ್ತದಾ? ಅಲ್ಲಿ ಹೇಳಿದ್ರೆ ಬಿಡ್ಲಿಕ್ಕಿಲ್ಲ."

ಆ ಕೊನೆಯ ವಾಕ್ಯ ಕೇಳಿದಿರಲ್ಲ. ಪೈಲಟ್‌ಗಳ ಹಳೆಯ ಮಾತೇ ಅದು.

ಲೆಕ್ಕ ಹಾಕಿ ನೋಡುವ. ಬೋಧಕನ ಎದೆಗೆ ಕಟ್ಟಿಕೊಂಡು ಹಾರುವ ಟ್ಯಾಂಡೆಮ್ ಜಿಗಿತ ಸಾಮಾನ್ಯವಾಗಿ 10,000ದಿಂದ 14,000 ಅಡಿ ಎತ್ತರದಿಂದ. 14,000 ಅಡಿಯಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ನೂರಕ್ಕೆ 59 ಪಾಲು. ಅಂದ್ರೆ ಅಲ್ಲಿ 10 ಚಮಚದಷ್ಟು ಜಾಗ ತುಂಬಿದ್ದ ಗಾಳಿ ನೆಲಕ್ಕೆ ಬಂದಾಗ ಸುಮಾರು 6 ಚಮಚ ಆಗ್ತದೆ. ಉಳಿದ 4 ಚಮಚ ಮೂಗಿನಿಂದ ಒಳಗೆ ಹೋಗಬೇಕು. ಪ್ಯಾರಾಶೂಟ್ ಬಿಚ್ಚುವ ಮೊದಲು ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಬೀಳುವುದು ಹೆಚ್ಚುಕಡಿಮೆ ಒಂದು ನಿಮಿಷ. ನಾವು ಕೂತು ಬರುವ ವಿಮಾನದಲ್ಲಿ ಅರ್ಧ ಗಂಟೆ ತಗೊಂಡು ಆಗುವಷ್ಟು ಒತ್ತಡದ ಬದಲಾವಣೆ ಆ ಒಂದೇ ನಿಮಿಷದಲ್ಲಿ ಆಗಿಹೋಗ್ತದೆ. ಅದರ ಮೇಲೆ ಚಳಿ. ಕೆಳಗಿಗಿಂತ 25 ಡಿಗ್ರಿಗೂ ಹೆಚ್ಚು ತಂಪಾದ ಒಣ ಗಾಳಿ ಮೂಗಿಗೆ ರಾಚುತ್ತದೆ.

ಕಡಲ ಮಕ್ಕಳಿಗೆ ಇನ್ನೊಂದು ಹೋಲಿಕೆ ಹೇಳ್ತೇನೆ. ಸೈನಸ್‌ನ ಲೆಕ್ಕದಲ್ಲಿ 14,000 ಅಡಿಯಿಂದ ನೆಲಕ್ಕೆ ಬರುವುದು, ಕಾಪುವಿನ ಕಡಲಲ್ಲಿ ಮೇಲಿನಿಂದ 7 ಮೀಟರ್ ಆಳಕ್ಕೆ ಮುಳುಗುವುದು, ಎರಡೂ ಹೆಚ್ಚುಕಡಿಮೆ ಒಂದೇ. ಗಂಗಾವಳಿ ನದಿಗೆ ಇಳಿದು ಹುಡುಕಿದ ಮುಳುಗುತಜ್ಞ ಈಶ್ವರ ಮಲ್ಪೆ ಅವರ ಹೆಸರು 2024ರಲ್ಲಿ ಶಿರೂರು ಗುಡ್ಡ ಕುಸಿದಾಗ ನೀವು ಕೇಳಿದ್ದೀರಿ. ನೀರಿಗೆ ಇಳಿಯುವವರಿಗೆ ಈ ಒತ್ತಡ ದಿನನಿತ್ಯದ್ದು. ಆದರೆ ಮುಳುಗುವವನಿಗೆ ಒಂದು ಅನುಕೂಲ ಉಂಟು. ನೋವಾದರೆ ನಿಲ್ಲಬಹುದು, ಮೇಲೆ ಬರಬಹುದು. ಆಕಾಶದಿಂದ ಬೀಳುವವನಿಗೆ ನಿಲ್ಲಲಿಕ್ಕೆ ಮೆಟ್ಟಿಲಿಲ್ಲ.

ಇನ್ನು ಮಾತ್ರೆ, ಸ್ಪ್ರೇ. ಮೂಗು ಬಿಡಿಸುವ ಸ್ಪ್ರೇ ಊತವನ್ನು ಸ್ವಲ್ಪ ಹೊತ್ತಿಗೆ ಇಳಿಸುತ್ತದೆ, ನಿಜ. ಅಪಾಯ ಇರುವುದು ಆ "ಸ್ವಲ್ಪ ಹೊತ್ತು" ಎಂಬುದರಲ್ಲಿ. ಸರದಿ ಕಾದು, ವಿಮಾನ ಹತ್ತಿ, ಮೇಲೆ ಹೋಗುವಷ್ಟರಲ್ಲಿ ಔಷಧದ ಗುಣ ಇಳಿದರೆ ಏರುವಾಗ ತೆರೆದಿದ್ದ ಬಾಗಿಲು ಇಳಿಯುವಾಗ ಮುಚ್ಚಿರ್ತದೆ. ಕೆಲವು ದಿನಕ್ಕಿಂತ ಹೆಚ್ಚು ಬಳಸಿದರೆ ಸ್ಪ್ರೇಯೇ ಮೂಗು ಕಟ್ಟಿಸುತ್ತದೆ. ಹಾಗಾಗಿ ನಾನು ಆ ಕೇಳುಗರಿಗೆ ಹೇಳಿದ್ದು ಇಷ್ಟೇ: ದಿನಾಂಕ ಮುಂದೂಡಿ. ಶೀತ ಪೂರ್ತಿ ಹೋದ ಮೇಲೆ ಒಬ್ಬ ಇಎನ್‌ಟಿ ವೈದ್ಯರಿಗೆ ತೋರಿಸಿ. ಅಲ್ಲಿಗೆ ಹೋದಾಗ ಬೋಧಕರಿಗೆ ಬಾಯಿಬಿಟ್ಟು ಹೇಳಿ. ನಿಮ್ಮನ್ನು ಎದೆಗೆ ಕಟ್ಟಿಕೊಂಡು ಹಾರುವವನ ಜೀವವೂ ಅದೇ ಪ್ಯಾರಾಶೂಟಿನಲ್ಲಿ ಉಂಟಲ್ಲ.

ಬಜ್ಪೆಗೆ ಇಳಿಯುವಾಗ

ನಾವು ಹಾರುವವರಲ್ಲ, ನಮಗೆ ಯಾಕೆ ಇದೆಲ್ಲ ಅಂತ ಅನ್ನಿಸಬಹುದು. 1951ರ ಡಿಸೆಂಬರ್ 25ರಂದು ನೆಹರೂ ಬಂದಿಳಿದ ಬಜ್ಪೆ ನಿಲ್ದಾಣಕ್ಕೆ ಇವತ್ತು ಗಲ್ಫ್‌ನಿಂದ ನಮ್ಮವರೇ ವಿಮಾನ ತುಂಬಿ ಬರ್ತಾರೆ. ಕಾರ್ಕಳ, ಕಾಪು, ಉಡುಪಿಯಲ್ಲಿ ಗಲ್ಫ್‌ನ ನಂಟಿಲ್ಲದ ಬೀದಿ ಹುಡುಕುವುದು ಕಷ್ಟ. ವಿಮಾನದ ಒಳಗಿನ ಒತ್ತಡವನ್ನು ಸುಮಾರು 6,000ದಿಂದ 8,000 ಅಡಿಯ ಮಟ್ಟದಲ್ಲಿ ಇಟ್ಟಿರ್ತಾರೆ. ಇಳಿಯುವಾಗ ಮಕ್ಕಳು ಒಟ್ಟಿಗೆ ಅಳಲು ಶುರು ಮಾಡುವುದು ಹಠದಿಂದ ಅಲ್ಲ, ಕಿವಿ ನೋವಿನಿಂದ. ಆಗ ಹಾಲು ಕುಡಿಸಿ, ದೊಡ್ಡ ಮಕ್ಕಳಿಗೆ ಚೀಪಲು ಏನಾದರೂ ಕೊಡಿ, ನುಂಗುವಾಗ ನಾಳ ತೆರೆಯುತ್ತದೆ. ದೊಡ್ಡವರು ಇಳಿಯುವ ಹೊತ್ತಿಗೆ ನಿದ್ದೆ ಮಾಡದಿರುವುದು ಒಳ್ಳೆಯದು, ನಿದ್ದೆಯಲ್ಲಿ ನುಂಗುವುದು ಕಡಿಮೆ.

ಮೂಗು ತೊಳೆಯುವ ವಿದ್ಯೆ ನಮ್ಮಲ್ಲಿ ಹೊಸದಲ್ಲ. ಹಠಯೋಗ ಪ್ರದೀಪಿಕೆಯಲ್ಲಿ ನೇತಿ ಎಂಬ ಕ್ರಿಯೆ ಉಂಟು. ಅದು ದಾರವನ್ನು ಮೂಗಿನಿಂದ ಹಾಕಿ ಬಾಯಿಂದ ತೆಗೆಯುವ ಕ್ರಮ. ಇವತ್ತು ಹೆಚ್ಚಿನವರು ಮಾಡುವುದು ಉಪ್ಪುನೀರಿನ ಜಲನೇತಿ. ಕುದಿಸಿ ಆರಿಸಿದ ನೀರಿನಲ್ಲೇ ಮಾಡಬೇಕು. ಆದರೆ ಅದು ಮೂಗಿನ ದಾರಿ ಸ್ವಚ್ಛ ಮಾಡ್ತದೆಯೇ ಹೊರತು ಹಾರಲು ಪರವಾನಗಿ ಕೊಡುವುದಿಲ್ಲ.

ಮತ್ತೆ ಮತ್ತೆ ಹೀಗಾಗುವವರಿಗೆ ಇವತ್ತು ದಾರಿ ಉಂಟು. ಹಿಂದೆ ಸೈನಸ್ ಶಸ್ತ್ರಚಿಕಿತ್ಸೆ ಅಂದ್ರೆ ಮುಖವನ್ನೋ ವಸಡನ್ನೋ ಕೊಯ್ಯುವುದು. 1970 ಮತ್ತು 80ರ ದಶಕಗಳಲ್ಲಿ ಆಸ್ಟ್ರಿಯಾದ ಗ್ರಾಜ್ ಊರಿನ ಮೆಸ್ಸರ್‌ಕ್ಲಿಂಗರ್, ಸ್ಟಾಮ್‌ಬರ್ಗರ್ ಮೊದಲಾದ ವೈದ್ಯರು ಮೂಗಿನೊಳಗೆ ಸಣ್ಣ ದುರ್ಬೀನು ಹಾಕಿ ಆ ಕಿರಿದಾದ ಬಾಗಿಲನ್ನೇ ಸರಿಮಾಡುವ ವಿಧಾನ ಬೆಳೆಸಿದರು. ಎಂಡೋಸ್ಕೋಪ್ ಚಿಕಿತ್ಸೆ ಅಂತ ನಾವು ಕೇಳುವುದು ಇದನ್ನೇ. ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದ ಮಣಿಪಾಲ ನಮ್ಮ ಮನೆ ಬಾಗಿಲಲ್ಲೇ ಉಂಟು. ತಜ್ಞರಿಗಾಗಿ ದೂರದೂರಿಗೆ ಹೋಗುವ ಕಾಲ ಅಲ್ಲ ಇದು.

ಇಳಿದ ಮೇಲೆ ಹಣೆ, ಕೆನ್ನೆ ನೋವು ಬಿಡದಿದ್ದರೆ, ಮೂಗಿನಿಂದ ರಕ್ತ ಬಂದರೆ ವೈದ್ಯರಿಗೆ ತೋರಿಸಿ. ಕಣ್ಣಿನ ಸುತ್ತ ಊದಿದರೆ, ದೃಷ್ಟಿ ಮಂಜಾದರೆ, ಜೋರು ಜ್ವರ ಬಂದರೆ ಅದೇ ದಿನ ಹೋಗಿ.

ಜಾಕ್ ಚಾರ್ಲ್ಸ್‌ನಿಂದ ಇವತ್ತಿನವರೆಗೆ 240 ವರ್ಷ ದಾಟಿತು. ವಿಮಾನ ಬದಲಾಯ್ತು, ಪ್ಯಾರಾಶೂಟಿನ ಬಟ್ಟೆ ಬದಲಾಯ್ತು, ಮೂಗಿನ ಬಾಗಿಲು ಮಾತ್ರ ಅಷ್ಟೇ ಕಿರಿದು. ಅದನ್ನು ಧೈರ್ಯದಿಂದ ತೆರೆಯಲಿಕ್ಕೆ ಆಗುವುದಿಲ್ಲ. ಆಗುವುದು ಒಂದೇ, "ನನಗೆ ಶೀತ ಉಂಟು, ಇವತ್ತು ಬೇಡ" ಅಂತ ಹೇಳುವುದು. ರಾಕೆಟ್ಟೇ ಮೂರು ದಿನ ಕಾದಿದೆ ಮಾರಾಯ್ರೆ, ಮೈಸೂರಿನ ಆಕಾಶ ಎಲ್ಲಿಗೂ ಓಡಿ ಹೋಗುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ವಿಮಾನ ಹತ್ತುವವರಿದ್ದರೆ, ಅದರಲ್ಲೂ ಸಣ್ಣ ಮಗುವಿನ ಜೊತೆ ಬರುವವರಿದ್ದರೆ, ಈ ಸಂಚಿಕೆ ಅವರಿಗೆ ಕಳಿಸಿ. ಮುಂದಿನ ವಾರ ಇನ್ನೊಂದು ಕಥೆಯ ಜೊತೆ ಸಿಗುವ. ನಮಸ್ಕಾರ.